ನಮ್ಮ ಅಡಗಿಮನ್ಯಾಗಿನ ಚಿಮಣಿಗಳು

ನಮ್ಮ ಧಾರವಾಡದ ಕಡೆ ಚಿಮಣಿ ಅಂದ್ರ ಮೊದಲ ದೀಪ. ಚಿಮಣಿ ಎಣ್ಣಿ ಹಾಕಿ ಹಚ್ಚೂದು, ಮಸಿ ಹಿಡದ್ರ ಒರಸೂದು. ಮೊನ್ನೆ ತಂಗಿ ಫೋನ್ ಮಾಡಿ, "ಅಕ್ಕಾ, ಹೊಸಾ ಫ್ಲ್ಯಾಟಿಗೆ ಯಾವ ಚಿಮಣಿ ತಗೊಳ್ಳಿ? ಪೈಪ್ ಇರೂದೋ, ಇಲ್ಲದ್ದೋ?" ಅಂತ ಕೇಳಿದಾಗ, ಉತ್ತರ ನಮ್ಮ ಹಳೇ ಅಡಗಿಮನ್ಯಾಗನ ಅದ ಅನಸ್ತು.

ಮಾಳಗಿ ಮನ್ಯಾಗ ಹೊಗಿಗೆ ಇದ್ದ ದಾರಿ ಅಂದ್ರ ಮ್ಯಾಲಿನ ಬೆಳಕಿಂಡಿ. ಮಳಿ ಶುರು ಆತಂದ್ರ ಅದನ್ನೂ ಮುಚ್ಚಬೇಕು. ಹಸೀ ಕಟಗಿ, ತೊಯ್ದ ಕುಳ್ಳು ಭಾಳ ಹೊಗಿಯಾಡೂದೂ ಅವಾಗನ. ಇಲ್ಲಣ ತೊಲಿಯಿಂದ ಜೋತಾಡತಿತ್ತು. ಹೊಗಿ ಇದ್ರ ತೊಲಿಗೆ ಹುಳ ಹತ್ತಂಗಿಲ್ಲ ಅಂತ ಹಿರೇರು ಹೇಳ್ತಿದ್ರು, ಖರೇನ. ಆದ್ರ ಊದುಗೊಳವಿ ಹಿಡದು ಕೂತಾಕಿಯ ಕಣ್ಣು, ಎದಿ ಏನಾಗ್ತಿದ್ವು ಅನ್ನೂದನ್ನ ಯಾರೂ ಲೆಕ್ಕಕ್ಕ ಹಿಡೀಲಿಲ್ಲ.

ಒಲಿಗೇ ಕೊಳವಿ ಹಚ್ಚಿ ಹೊಗಿ ಹೊರಗ ಕಳಸೂ ಒಲಿಯನ್ನ 1950ರ ದಶಕದಾಗ ಹೈದರಾಬಾದಿನ ಎಂಜಿನಿಯರ್ ಎಸ್.ಪಿ. ರಾಜು ಮಾಡಿ ತೋರಿಸಿದ್ರು. ನಮ್ಮ ಕರ್ನಾಟಕದ್ದು ಅಸ್ತ್ರ ಒಲಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೊಳಗ, ಹಳ್ಳಿಗೆ ಬೇಕಾದ ತಂತ್ರಜ್ಞಾನಕ್ಕಂತನ 1974ರಾಗ ಶುರುವಾದ 'ಅಸ್ತ್ರ' ವಿಭಾಗದವರು ಮಾಡಿದ್ದು. (ಬಾಣ ಅಲ್ರಿ, ಇಂಗ್ಲಿಷ್ ಹೆಸರಿನ ಮೊದಲಕ್ಷರ ಕೂಡಿಸಿದ್ದು!) ಒಂದ ಬೆಂಕಿ, ಅದರ ಮ್ಯಾಲ ಮೂರು ಪಾತ್ರಿ, ಹಿಂದ ಮಾಳಗಿ ದಾಟಿ ಹೋಗೂ ಕೊಳವಿ. ಮೋಟರ್ ಇಲ್ಲ, ಕರೆಂಟ್ ಇಲ್ಲ, ಬಿಸಿ ಗಾಳಿ ತಾನಾಗೇ ಮ್ಯಾಲ ಏರಿ ಹೊಗೀನ ಎಳಕೊಂಡು ಹೋಗ್ತಿತ್ತು. ಕಟಗೀನೂ ಉಳೀತಿತ್ತು. ಇಂಥಾ ಸುಧಾರಿಸಿದ ಒಲಿಗಳನ್ನ ಕೇಂದ್ರ ಸರ್ಕಾರ 1980ರ ದಶಕದಿಂದ 2002ರ ತನಕಾ ಹಂಚಿತು. ಆದ್ರ ಭಾಳ ಕಡೆ ಬಾಳಿಕಿ ಬರಲಿಲ್ಲ. ಕೊಳವಿಯೊಳಗ ಮಸಿ ಕಟ್ಟಿದ್ರ ಹೊಗಿ ಮತ್ತ ಒಳಗನ ತಿರಗತದ. ಅದನ್ನ ತಗೀಲಿಕ್ಕೆ ಮಾಳಗಿ ಹತ್ತಬೇಕಾದವರು ಗಂಡಸರು, ಕೆಮ್ಮವರು ನಾವು. ಯಾಕ ಹತ್ತ್ಯಾರು?

ಆಮ್ಯಾಲ ಗ್ಯಾಸ್ ಬಂತು. 2016ರಾಗ ಉಜ್ವಲಾ ಬಂದ ಮ್ಯಾಲ ಹಳ್ಳಿ ಮನಿಗಳಿಗೂ ಬಂತು. ಕಟಗಿ ಹೊಗಿ ಹೋತು ಖರೆ, ಒಗ್ಗರಣಿ ಜಿಡ್ಡು, ಮೆಣಸಿನಕಾಯಿ ಘಾಟು ಎಲ್ಲಿ ಹೋಗಬೇಕು?

ಅದಕ್ಕ ಅಂಗಡ್ಯಾಗಿನ ಚಿಮಣಿಗೂ ಅದನ್ನ ಕೇಳಬೇಕು: ಹೊರಗ ಹೋಗ್ತದೋ ಇಲ್ಲೋ? ಪೈಪ್ ಇಲ್ಲದ್ದು ಗಾಳೀನ ಇದ್ದಲಿ ಫಿಲ್ಟರಿನ್ಯಾಗ ಹಾಯಿಸಿ ಮತ್ತ ಅಡಗಿಮನ್ಯಾಗನ ಬಿಡ್ತದ. ವಾಸನಿ ಸ್ವಲ್ಪ ಕಡಿಮಿ ಆಗ್ತದ, ಉಗಿ, ಬಿಸಿ ಎಲ್ಲಾ ಇದ್ದಲ್ಲೇ. ಆ ಇದ್ದಲಿ ಫಿಲ್ಟರ್ ತೊಳದ್ರ ನಡೀದುಲ್ಲ, ಆಗಾಗ ಹೊಸಾದು ತರಬೇಕು. ಪೈಪ್ ಇರೂದಾದ್ರ 6 ಇಂಚಿನ ಪೈಪು, ಆದಷ್ಟು ಸೊಟ್ಟ ಇಲ್ಲಧಂಗ ಹೊರಗ ಹೋಗಲಿ. ಒಂದೊಂದು ತಿರುವಿಗೂ ಎಳಿಯೂ ಶಕ್ತಿ ಕಡಿಮಿ ಆಗ್ತದ, ಡಬ್ಬಿ ಮ್ಯಾಲಿನ ನಂಬರ್ ನೋಡಿ ಹಿಗ್ಗಬ್ಯಾಡ್ರಿ. ಎರಡು ಒಲಿ ಇದ್ರ 60 ಸೆಂಟಿಮೀಟರಿನ ಚಿಮಣಿ ಸಾಕು, ನಾಕು ಇದ್ರ 90. ಜಾಳಿಗಿ ತಗದು ಬಿಸಿನೀರು, ಸಾಬೂನಿನ್ಯಾಗ ನಾವ ತೊಳಿಯೂಹಂಗ ಇರಬೇಕು.

ತಂಗಿಗೆ ಹೇಳಿದೆ, "ಗ್ವಾಡಿಗೆ ತೂತು ಹಾಕಾಕ ಬಿಡ್ತಾರೇನು ಮೊದಲ ಕೇಳು, ಆಮ್ಯಾಲ ಅಂಗಡಿಗೆ ಹೋಗು. ಬಿಡೂದಿಲ್ಲಂದ್ರ ಕಿಟಕಿಗೆ ಎಕ್ಸಾಸ್ಟ್ ಫ್ಯಾನ್ ಹಾಕ್ಕೋ, ಪೈಪ್ ಇಲ್ಲದ ಚಿಮಣಿಗಿಂತ ಅದ ಚಲೋ." ಬಿಲ್ಡರನ್ನ ಕೇಳಿ ಹೇಳ್ತೀನಿ ಅಂದಾಳ.