ಸೂಲಗಿತ್ತಿಯ ಬೆರಳೂ ಧ್ವನಿಯ ಕಣ್ಣೂ

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ಸೀಮೆಯಲ್ಲಿ ಪ್ರಸವವೆಂಬುದು ತಲೆತಲಾಂತರದಿಂದ ಸೂಲಗಿತ್ತಿಯ ಕೈಗೆ ಒಪ್ಪಿಸಿದ ಕಾರ್ಯವಾಗಿದ್ದಿತು. ಬಸುರಿಯ ಉದರದ ಮೇಲೆ ಎಣ್ಣೆಗೈಯಾಡಿಸಿ, ಶಿಶುವಿನ ತಲೆ ಮೇಲಿರುವುದೋ ಕೆಳಗಿಳಿದಿರುವುದೋ ಎಂಬುದನ್ನು ಆಕೆ ಬೆರಳ ತುದಿಯಿಂದಲೇ ನಿಶ್ಚಯಿಸುತ್ತಿದ್ದಳು. ಚಿತ್ರದುರ್ಗ ಜಿಲ್ಲೆಗೆ ಅಂಟಿಕೊಂಡಿರುವ ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮನವರು, ಶಾಲೆಯ ವಿದ್ಯೆಯಿಲ್ಲದೆಯೂ 15,000ದಷ್ಟು ಹೆರಿಗೆಗಳನ್ನು ಮಾಡಿಸಿ, 2018ರಲ್ಲಿ ಪದ್ಮಶ್ರೀ ಪುರಸ್ಕಾರಕ್ಕೆ ಪಾತ್ರರಾಗಿ, ಅದೇ ವರ್ಷದ ಡಿಸೆಂಬರಿನಲ್ಲಿ ತೀರಿಕೊಂಡರು. ಅಂಥವರ ಹಸ್ತಕೌಶಲವನ್ನು ಅಜ್ಞಾನವೆಂದು ಹಳಿಯುವುದು ಕೃತಘ್ನತೆಯೇ ಸರಿ. ಆದರೂ, ಗರ್ಭಸ್ಥ ಶಿಶುವಿನ ಯಕೃತ್ತಿನಲ್ಲಿ ಮೂಡಿದ ನೀರುಗುಳ್ಳೆ ಎಷ್ಟು ನುರಿತ ಬೆರಳಿಗೂ ಎಟುಕುವ ವಸ್ತುವಲ್ಲ.

ಅದನ್ನು ಕಾಣಿಸಿದ್ದು ಕಿವಿಗೆ ಕೇಳಿಸದ ಧ್ವನಿ. ಗ್ಲಾಸ್ಗೋ ನಗರದ ಪ್ರಸೂತಿತಜ್ಞ ಇಯಾನ್ ಡೊನಾಲ್ಡರು, ಲೋಹದೊಳಗಿನ ಬಿರುಕನ್ನು ಪತ್ತೆಹಚ್ಚುವ ಯಂತ್ರದ ತತ್ತ್ವವನ್ನು ಮನುಷ್ಯದೇಹಕ್ಕೆ ಅನ್ವಯಿಸಿ, ಜಾನ್ ಮ್ಯಾಕ್‌ವಿಕಾರ್ ಮತ್ತು ಟಾಮ್ ಬ್ರೌನ್ ಎಂಬವರೊಡನೆ 1958ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ತಮ್ಮ ಶೋಧವನ್ನು ಪ್ರಕಟಿಸಿದರು. ಗುಣವಾಗದ ಅರ್ಬುದವೆಂದು ವೈದ್ಯರು ಕೈಬಿಟ್ಟಿದ್ದ ಸ್ತ್ರೀಯೊಬ್ಬಳ ಉದರದಲ್ಲಿದ್ದುದು ಶಸ್ತ್ರದಿಂದ ತೆಗೆಯಬಹುದಾದ ದ್ರವಕೋಶವೆಂಬುದು ಈ ವಿದ್ಯೆಯಿಂದಲೇ ತಿಳಿದುಬಂದಿತು. ದ್ರವವು ಧ್ವನಿಯನ್ನು ಮರಳಿಸದೆ ಪರದೆಯ ಮೇಲೆ ಕಪ್ಪಾಗಿ ತೋರುವುದರಿಂದ, ಇಂದು 18–20 ವಾರಗಳ ಸ್ಕ್ಯಾನಿಂಗ್‌ನಲ್ಲಿ ಶಿಶುವಿನ ಯಕೃತ್ತಿನ ಗುಳ್ಳೆಯೂ ಕೆಲವೊಮ್ಮೆ ಕಣ್ಣಿಗೆ ಬೀಳುವುದುಂಟು.

ಇಂಥ ಗುಳ್ಳೆಗಳು ವಿರಳ. ಅವುಗಳಲ್ಲಿ ಸರಳವಾದುವು ಬಹುಪಾಲು ನಿರಪಾಯವಾಗಿ, ಹಲವು ತಾವಾಗಿಯೇ ಕುಗ್ಗುತ್ತವೆ. ಯಕೃತ್ತಿನ ಬಾಗಿಲಲ್ಲಿ, ಪಿತ್ತನಾಳಕ್ಕೆ ಸೇರಿದಂತೆ ಕಾಣುವ ಕೋಶವಾದರೋ ವಿಚಾರವೇ ಬೇರೆ: ಅದು ನಾಳದ ಹಿಗ್ಗುವಿಕೆಯಾಗಿರಬಹುದು, ಅಥವಾ ನಾಳವೇ ಮುಚ್ಚಿಹೋಗಿರುವುದರ ಸೂಚನೆಯಾಗಿರಬಹುದು. ನಾಳ ಮುಚ್ಚಿದ ಶಿಶುವಿಗೆ ಜಪಾನಿನ ಮೊರಿಯೊ ಕಸಾಯಿ ಎಂಬ ವೈದ್ಯರು ರೂಪಿಸಿದ ಶಸ್ತ್ರಕ್ರಿಯೆಯುಂಟು. ಹುಟ್ಟಿದ 60 ದಿನಗಳೊಳಗೆ ನಡೆದರೆ ಅದರ ಫಲ ಹೆಚ್ಚು.

ಆ ದಿನಗಳ ವಿಷಯದಲ್ಲಿಯೇ ಈ ಸೀಮೆಯ ಒಂದು ಪುರಾತನ ಆಚಾರ ನನ್ನನ್ನು ಕಾಡುತ್ತದೆ. ಕಾಡುಗೊಲ್ಲರ ಹಟ್ಟಿಗಳಲ್ಲಿ, ಜುಂಜಪ್ಪ, ಎತ್ತಪ್ಪ ಮೊದಲಾದ ದೈವಗಳಿಗೆ ಮೈಲಿಗೆ ತಾಗಬಾರದೆಂಬ ಭಯಭಕ್ತಿಯಿಂದ, ಬಾಣಂತಿಯನ್ನೂ ಹಸುಗೂಸನ್ನೂ ಹಟ್ಟಿಯ ಹೊರಗಣ ಗುಡಿಸಲಿನಲ್ಲಿ ವಾರಗಟ್ಟಲೆ ಇರಿಸುವ ಪದ್ಧತಿ ನಡೆದುಬಂದಿತು. ಇಂದಿಗೂ ಅದು ಪೂರ್ಣವಾಗಿ ಅಳಿದಿಲ್ಲ. ದೈವನಿಷ್ಠೆಯುಳ್ಳ ಆ ಜನರ ಮೇಲೆ ನನಗೆ ಗೌರವವಿದೆ. ಆದರೆ ಕೂಸಿನ ಕಣ್ಣು ಹಳದಿಗಟ್ಟುವುದನ್ನೂ ಮಲ ಸುಣ್ಣದಂತೆ ಬಿಳುಪೇರುವುದನ್ನೂ ಬಲ್ಲವರು ನೋಡಬೇಕಾದ ವಾರಗಳೂ ಅವೇ ಆಗಿರುವುದರಿಂದ, ಮಬ್ಬುಬೆಳಕಿನ ಗುಡಿಸಲಿನ ಆ ಏಕಾಂತವನ್ನು ನಾನು ಒಪ್ಪಲಾರೆ.

ಆದುದರಿಂದ ಹಟ್ಟಿಯ ಹಿರಿಯರಲ್ಲಿಯೂ ಆಶಾ ಕಾರ್ಯಕರ್ತೆಯರಲ್ಲಿಯೂ ನನ್ನ ವಿಜ್ಞಾಪನೆಯಿಷ್ಟೆ: ಸ್ಕ್ಯಾನಿಂಗ್ ಚೀಟಿಯಲ್ಲಿ ಗುಳ್ಳೆಯ ಮಾತಿದ್ದರೆ ಅದನ್ನು ಜೋಪಾನವಾಗಿರಿಸಿ, ಹುಟ್ಟಿದ ಮೇಲೆ ಮಗುವಿಗೆ ಮತ್ತೊಮ್ಮೆ ಸ್ಕ್ಯಾನ್ ಮಾಡಿಸಿರಿ, ಎರಡು ವಾರ ಕಳೆದರೂ ಕಾಮಾಲೆ ಇಳಿಯದಿದ್ದರೆ ಸೂತಕ ಕಳೆಯುವುದನ್ನು ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ.