ನಡೆದರೆ ನಡುಗುವ ನೆಲ

ಮೋಲ್ಡ್ ಹಾಕಿದ ಮನೆ ಅಂದಮೇಲೆ ಬಂಡೆಯಂತೆ ಕೂತಿರಬೇಕು ಎಂಬುದು ಕಟ್ಟಿಸಿದವರ ನಂಬಿಕೆ. ಎಂಜಿನಿಯರುಗಳೂ ಬಹುಕಾಲ ಹಾಗೇ ನಂಬಿದ್ದರು. ನೆಲದ ಕಂಪನವನ್ನು ಲೆಕ್ಕಹಾಕುವ ವಿದ್ಯೆ ಮೊದಲು ಮರದ ಅಟ್ಟಗಳಿಗೆ ಬಂತು, ಆಮೇಲೆ ಉಕ್ಕಿನ ಕಟ್ಟಡಗಳಿಗೆ. ಕಾಂಕ್ರೀಟಿನ ಸರದಿ ಬಂದದ್ದು ಕೊನೆಗೆ.

ಉದ್ದನೆಯ ತೊಲೆಗೆ ಸಾಕಷ್ಟು ಎತ್ತರ ಕೊಡದಿದ್ದರೆ ಓಡಾಡಿದಾಗ ಕೋಣೆಯ ಸಾಮಾನೆಲ್ಲ ಅಲುಗುತ್ತದೆ ಎಂದು ಇಂಗ್ಲೆಂಡಿನ ಥಾಮಸ್ ಟ್ರೆಡ್‌ಗೋಲ್ಡ್ 1828ರಲ್ಲೇ ಎಚ್ಚರಿಸಿದ್ದ. ಅಳತೆಗೋಲು ಸಿಕ್ಕಿದ್ದು ನೂರು ವರ್ಷ ಕಳೆದ ಮೇಲೆ. 1931ರಲ್ಲಿ ಜರ್ಮನಿಯ ರೈಹರ್ ಮತ್ತು ಮೈಸ್ಟರ್ ಜನರನ್ನು ಕಂಪಿಸುವ ವೇದಿಕೆಯ ಮೇಲೆ ನಿಲ್ಲಿಸಿ, ಮಲಗಿಸಿ, ಎಷ್ಟಾದರೆ ಗೊತ್ತಾಗುತ್ತದೆ, ಎಷ್ಟಾದರೆ ಕಿರಿಕಿರಿ ಎಂದು ಗುರುತಿಸಿದರು. ಆದರೆ ಅದು ಬಿಡದೆ ನಡೆಯುವ ಕಂಪನ. ಹೆಜ್ಜೆಯ ಕಂಪನ ಬೇಗ ಅಡಗುತ್ತದೆ. ಹಾಗಾಗಿ 1966ರಲ್ಲಿ ಅಮೆರಿಕದ ಲೆನ್ಜೆನ್ ಆ ಮಿತಿಯನ್ನು ಹತ್ತು ಪಟ್ಟು ಸಡಿಲಿಸಿದ. ಆಗಿನ ಪರೀಕ್ಷೆಯೂ ತಮಾಷೆಯದೇ: ಸುಮಾರು 77 ಕಿಲೋ ತೂಕದ ಮನುಷ್ಯ ತುದಿಗಾಲಲ್ಲಿ ನಿಂತು ಹಿಮ್ಮಡಿಯನ್ನು ಧೊಪ್ಪನೆ ಊರುವುದು!

ಹಿಮ್ಮಡಿಯ ಪೆಟ್ಟೇ ಬೇರೆ, ನಡಿಗೆಯೇ ಬೇರೆ. ನಾವು ಸೆಕೆಂಡಿಗೆ ಸುಮಾರು ಎರಡು ಹೆಜ್ಜೆ ಇಡುತ್ತೇವೆ. ಆ ಲಯದ ಎರಡು, ಮೂರು, ನಾಲ್ಕು ಪಟ್ಟಿನಲ್ಲೂ ನೆಲಕ್ಕೆ ಸಣ್ಣ ನೂಕು ಸಿಗುತ್ತಿರುತ್ತದೆ. ಸ್ಲ್ಯಾಬಿನ ಸಹಜ ಆವರ್ತನ, ಅಂದರೆ ಅದು ತಾನಾಗಿ ಸೆಕೆಂಡಿಗೆ ಎಷ್ಟು ಬಾರಿ ಕಂಪಿಸುತ್ತದೋ ಅದು, ಇವುಗಳಲ್ಲೊಂದಕ್ಕೆ ತಾಳೆಯಾದರೆ ಅನುರಣನ ಶುರು: ಕಂಪನ ಹೆಜ್ಜೆಹೆಜ್ಜೆಗೂ ಬೆಳೆಯುತ್ತದೆ. ಸ್ಲ್ಯಾಬಿನ ಆವರ್ತನಕ್ಕೊಂದು ಕೈಲೆಕ್ಕವಿದೆ: ಹೊತ್ತ ಭಾರಕ್ಕೆ ಸ್ಲ್ಯಾಬ್ ಎಷ್ಟು ಮಿ.ಮೀ. ಬಾಗುತ್ತದೋ ಅದರ ವರ್ಗಮೂಲದಿಂದ 18ನ್ನು ಭಾಗಿಸಿ. 9 ಮಿ.ಮೀ. ಬಾಗಿದರೆ 6 ಹರ್ಟ್ಸ್, ಅಂದರೆ ಸರಿಯಾಗಿ ಹೆಜ್ಜೆಯ ಲಯದ ಮೂರು ಪಟ್ಟು. ಮರ್ರೆ, ಆಲನ್, ಉಂಗರ್ 1997ರಲ್ಲಿ ಉಕ್ಕಿನ ಕಟ್ಟಡಗಳಿಗೆ ಬರೆದ ಕೈಪಿಡಿ ಈ ಅನುರಣನವನ್ನೇ ಕೇಂದ್ರಕ್ಕೆ ತಂದಿತು. ಕಚೇರಿಯ ನೆಲದ ವೇಗೋತ್ಕರ್ಷ ಗುರುತ್ವದ ಶೇ. 0.5ನ್ನು ಮೀರಬಾರದು ಎಂದಿತು.

ಅಷ್ಟರಲ್ಲಿ ಕಾಂಕ್ರೀಟೂ ಬದಲಾಗಿತ್ತು. ಒಳಗಿನ ಉಕ್ಕಿನ ತಂತಿಗಳನ್ನು ಎಳೆದು ಬಿಗಿಯುವ ಪೋಸ್ಟ್-ಟೆನ್ಷನಿಂಗ್ ಬಂದು ಸ್ಪ್ಯಾನ್ (ಆಧಾರದಿಂದ ಆಧಾರಕ್ಕಿರುವ ಅಂತರ) ಹಿಗ್ಗಿತು, ಸ್ಲ್ಯಾಬಿನ ದಪ್ಪ ಕುಗ್ಗಿತು. ಗೋಡೆಗಳಿಲ್ಲದ ಕಚೇರಿಗಳು ಬಂದವು. ಕಂಪನವನ್ನು ಹೀರುವ ಡ್ಯಾಂಪಿಂಗ್ ಬರಿಯ ಕಾಂಕ್ರೀಟಿನಲ್ಲಿ ಶೇ. 1ರಿಂದ 2ರಷ್ಟೇ, ಉಳಿದದ್ದನ್ನು ಕೊಡುತ್ತಿದ್ದುದು ಅಡ್ಡಗೋಡೆ, ಕಪಾಟುಗಳು. 2006ರಲ್ಲಿ ಬ್ರಿಟನ್ನಿನಲ್ಲಿ ವಿಲ್ಫರ್ಡ್ ಮತ್ತು ಯಂಗ್ ಬರೆದ ಕೈಪಿಡಿ, ನನ್ನ ಮಟ್ಟಿಗೆ, ಈ ವಿದ್ಯೆಯ ದೊಡ್ಡ ತಿರುವು. ಸುಮಾರು 10 ಹರ್ಟ್ಸ್‌ಗಿಂತ ಕೆಳಗಿನ ನೆಲಕ್ಕೆ ಅನುರಣನದ ಲೆಕ್ಕ, ಮೇಲಿನದಕ್ಕೆ ಒಂದೊಂದು ಹೆಜ್ಜೆಯ ಪೆಟ್ಟಿನ ಲೆಕ್ಕ. ಉಕ್ಕಾಗಲಿ ಕಾಂಕ್ರೀಟಾಗಲಿ, ವಿಧಾನ ಒಂದೇ. ಮನುಷ್ಯನಿಗೆ ಅರಿವಾಗುವ ಅಂಚನ್ನು 1 ಎಂದಿಟ್ಟುಕೊಂಡರೆ ಕಚೇರಿಯಲ್ಲಿ 8ರವರೆಗೆ ನಡೆಯುತ್ತದೆ, ಆಪರೇಷನ್ ಥಿಯೇಟರಿನಲ್ಲಿ 1ನ್ನು ದಾಟುವಂತಿಲ್ಲ.

ನಮ್ಮಲ್ಲಿ ಉಕ್ಕಿನ ಸಂಹಿತೆ ಐಎಸ್ 800ಕ್ಕೆ 2007ರಲ್ಲಿ ನೆಲದ ಕಂಪನದ್ದೇ ಒಂದು ಅನುಬಂಧ ಸೇರಿತು. ಕಾಂಕ್ರೀಟಿನ ಐಎಸ್ 456:2000 ಮಾತ್ರ ಸ್ಪ್ಯಾನ್-ದಪ್ಪದ ಅನುಪಾತ 20, 26 ಎಂದು ಕೊಟ್ಟು ಸುಮ್ಮನಾಗುತ್ತದೆ. ನಡಿಗೆಯ ಕಂಪನಕ್ಕೆ ಅದರಲ್ಲಿ ಅಂಕಿಯ ಮಿತಿಯಿಲ್ಲ. ಆ ಅನುಪಾತ ಸ್ಲ್ಯಾಬ್ ಬಾಗುವುದನ್ನು ಹಿಡಿಯುತ್ತದೆ, ನಡುಗುವುದನ್ನಲ್ಲ. ಬೆಂಗಳೂರಿನ ಐಟಿ ಕಟ್ಟಡಗಳ ಉದ್ದುದ್ದ ಸ್ಪ್ಯಾನುಗಳಿಗೆ ಇಷ್ಟು ಸಾಲದು. ತಾಳಕ್ಕೆ ಕುಣಿದರಂತೂ ಪೆಟ್ಟು ಇನ್ನೂ ಜೋರು: 2011ರಲ್ಲಿ ದಕ್ಷಿಣ ಕೊರಿಯಾದ ಸೋಲ್ ನಗರದ 39 ಅಂತಸ್ತಿನ ಕಟ್ಟಡವನ್ನು ಅಲುಗಿಸಿ ಜನರನ್ನು ಹೊರಗೋಡಿಸಿದ್ದು 12ನೇ ಮಹಡಿಯ ಜಿಮ್‌ನಲ್ಲಿ ತಾಳಕ್ಕೆ ಕುಣಿಯುತ್ತಿದ್ದ 17 ಮಂದಿ ಎಂದು ತಜ್ಞರು ತೀರ್ಮಾನಿಸಿದರು. ನಿಮ್ಮ ಮೇಲಂತಸ್ತನ್ನು ಜಿಮ್‌ಗೋ ನೃತ್ಯಶಾಲೆಗೋ ಬಾಡಿಗೆಗೆ ಕೊಡುವ ಮುನ್ನ, ಈ ಸ್ಲ್ಯಾಬಿನ ಆವರ್ತನ ಎಷ್ಟು ಎಂದು ಎಂಜಿನಿಯರರನ್ನು ಕೇಳಿ.