ನಾಲ್ಕು ಗುಂಡುಗಳ ಕಥೆ

ಮೊನ್ನೆ ಪೆಟ್ರೋಲ್ ಬಂಕಿನಲ್ಲಿ ಒಬ್ಬ ಹುಡುಗ ಪುಟ್ಟ ಯಂತ್ರ ಇಟ್ಟುಕೊಂಡು ನಿಂತಿದ್ದ. ತಿರುಗುವ ಉಂಗುರಕ್ಕೆ ಉಕ್ಕಿನ ತುಂಡೊಂದನ್ನು ಒತ್ತುತ್ತಾನೆ. ಬರೀ ಎಂಜಿನ್ ಆಯಿಲ್ ಇದ್ದಾಗ ಕಿರ್ರ್ ಅಂತ ಕಿರುಚಿ ಮೋಟರು ನಿಂತೇ ಹೋಯಿತು. ತನ್ನ ಬಾಟಲಿಯಿಂದ ನಾಲ್ಕು ಹನಿ ಬಿಟ್ಟ ನೋಡಿ, ಆಮೇಲೆ ಎಷ್ಟು ಒತ್ತಿದರೂ ಸದ್ದಿಲ್ಲ! ನಾನೂ ಜೇಬಿಗೆ ಕೈ ಹಾಕಿದ್ದೆ. ಯಾಕೋ ಅನುಮಾನ ಬಂದು ವಾಪಸ್ ತೆಗೆದೆ. ಆ ಅನುಮಾನದ ಬೆನ್ನು ಹತ್ತಿ ಹೋದಾಗ ಸಿಕ್ಕಿದ ಕಥೆ ಇದು.

ಆಯಿಲ್ ಸವೆತವನ್ನು ಎಷ್ಟು ತಡೆಯುತ್ತದೆ ಅಂತ ಅಳೆಯುವುದು ಹೇಗೆ? 1933ರಲ್ಲಿ ಬೋರ್ಲಾಜ್ ಎಂಬ ಡಚ್ ಎಂಜಿನಿಯರ್ ಒಂದು ಸರಳ ಯಂತ್ರದ ವಿವರ ಪ್ರಕಟಿಸಿದ. ಹಣ್ಣಿನಂಗಡಿಯಲ್ಲಿ ಮೋಸಂಬಿ ಜೋಡಿಸುತ್ತಾರಲ್ಲ, ಹಾಗೆ ಕೆಳಗೆ ಮೂರು ಉಕ್ಕಿನ ಗುಂಡು, ಮೇಲೊಂದು. ಕೆಳಗಿನ ಮೂರು ಅಲುಗಾಡದಂತೆ ಬಿಗಿದು, ಆಯಿಲ್‌ನಲ್ಲಿ ಮುಳುಗಿಸಿ, ಮೇಲಿನದನ್ನು ಭಾರ ಹೇರಿ ತಿರುಗಿಸುವುದು. ಇವತ್ತಿಗೂ ಲ್ಯಾಬುಗಳಲ್ಲಿ ಇದೇ ನಡೆಯುತ್ತದೆ: 12.7 ಮಿ.ಮೀ. ಗುಂಡುಗಳು, 40 ಕೆಜಿ ಭಾರ, ನಿಮಿಷಕ್ಕೆ 1200 ಸುತ್ತು, 75 ಡಿಗ್ರಿ ಶಾಖ, ಒಂದು ಗಂಟೆ. ಆಮೇಲೆ ಕೆಳಗಿನ ಗುಂಡುಗಳ ಮೇಲಿನ ಗಾಯದ ಅಗಲವನ್ನು ಸೂಕ್ಷ್ಮದರ್ಶಕದಲ್ಲಿ ಅಳೆಯುತ್ತಾರೆ. ಗಾಯ ಚಿಕ್ಕದಾದಷ್ಟೂ ಆಯಿಲ್ ಒಳ್ಳೆಯದು.

ಇನ್ನು ಆಯಿಲ್‌ಗೆ ಬೆರೆಸುವ ರಾಸಾಯನಿಕಗಳು. ಇವುಗಳಲ್ಲಿ ರಾಜ ಅಂದರೆ ಸತು, ರಂಜಕ, ಗಂಧಕ ಸೇರಿದ ಝೆಡ್‌ಡಿಡಿಪಿ. 1940ರ ದಶಕದಲ್ಲಿ ಅದನ್ನು ಬಳಕೆಗೆ ತಂದದ್ದು ಸವೆತಕ್ಕಲ್ಲ! ಆಯಿಲ್ ಕೆಡದಿರಲಿ, ಬೇರಿಂಗ್ ತುಕ್ಕು ಹಿಡಿಯದಿರಲಿ ಅಂತ. ಉಜ್ಜಾಟವಿರುವ ಕಡೆ ಅದು ಸುಮಾರು 100 ನ್ಯಾನೊಮೀಟರ್ ದಪ್ಪದ, ಗಾಜಿನಂಥ ಪದರ ಕಟ್ಟಿ ಲೋಹವನ್ನು ಕಾಯುತ್ತದೆ ಅನ್ನುವುದು ಆಮೇಲೆ ತಿಳಿದದ್ದು.

ಈಗ ಬಂಕಿನ ಹುಡುಗನ ಯಂತ್ರಕ್ಕೆ ಬರೋಣ. ಅದು ಟಿಮ್ಕೆನ್ ಪರೀಕ್ಷೆಯ ತಮ್ಮ ಇದ್ದಂತೆ. ಗೇರ್ ಆಯಿಲ್, ಗ್ರೀಸ್‌ಗಳ ಒತ್ತಡ ತಡೆಯುವ ಶಕ್ತಿ ನೋಡಲು ಹುಟ್ಟಿದ್ದು. ಕ್ಲೋರಿನ್ ಇರುವ ದ್ರವ ಹಾಕಿದರೆ ಕಾದ ಉಕ್ಕಿನ ಮೇಲೆ ಕಬ್ಬಿಣದ ಕ್ಲೋರೈಡ್ ಪದರ ಆಗಿ, ಕಚ್ಚಿಕೊಳ್ಳುವುದು ತಪ್ಪುತ್ತದೆ. ನೋಡುವವರಿಗೆ ಪವಾಡ. ಆದರೆ ಎಂಜಿನ್ ಒಳಗೆ ತೇವಾಂಶ ಸೇರಿದಾಗ ಅದೇ ಕ್ಲೋರಿನ್ ಆಮ್ಲವಾಗಿ ಲೋಹವನ್ನೇ ತಿನ್ನಬಹುದು. ಆ ಹುಡುಗನ ಬಾಟಲಿಯಲ್ಲಿ ಏನಿತ್ತೋ, ಲೇಬಲ್ ಮೇಲಂತೂ ಬರೆದಿರಲಿಲ್ಲ.

ಅದಕ್ಕೇ ಕೊನೆಯ ತೀರ್ಪು ನಿಜವಾದ ಎಂಜಿನ್‌ನದೇ. 'ಸೀಕ್ವೆನ್ಸ್ 4ಎ' ಪರೀಕ್ಷೆಯಲ್ಲಿ 2.4 ಲೀಟರಿನ ನಿಸ್ಸಾನ್ ಎಂಜಿನ್ನನ್ನು 100 ಗಂಟೆ ಓಡಿಸಿ, ಬಿಚ್ಚಿ, ಕ್ಯಾಮ್ ಎಷ್ಟು ಮೈಕ್ರಾನ್ ಸವೆದಿದೆ ಅಂತ ಅಳೆಯುತ್ತಿದ್ದರು. ಝೆಡ್‌ಡಿಡಿಪಿಯನ್ನೂ ಬೇಕಾದಷ್ಟು ಸುರಿಯುವಂತಿಲ್ಲ. ರಂಜಕ ಹೊಗೆ ಶುದ್ಧ ಮಾಡುವ ಕೆಟಲಿಟಿಕ್ ಕನ್ವರ್ಟರನ್ನು ಕೆಡಿಸುತ್ತದೆ. ಹೀಗಾಗಿ 2004ರ ಜಿಎಫ್-4 ಮಾನದಂಡ ಅದಕ್ಕೆ 0.08 ಶೇಕಡಾ ಮಿತಿ ಹಾಕಿತು.

1996ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್, 'ಸ್ಲಿಕ್ 50' ಎಂಬ ಪ್ರಸಿದ್ಧ ಬಾಟಲಿಯ ಜಾಹೀರಾತುಗಳಿಗೆ ಆಧಾರವಿಲ್ಲ ಅಂತ ದೂರು ಹಾಕಿತು. ಸರಿಯಾದ ಆಯಿಲ್ ಹಾಕಿದ ಹೆಚ್ಚಿನ ಎಂಜಿನ್‌ಗಳಿಗೆ ಸ್ಟಾರ್ಟ್ ಆಗುವಾಗಲೂ ಸಾಕಷ್ಟು ರಕ್ಷಣೆ ಇದ್ದೇ ಇದೆ ಅನ್ನುವುದು ಅದರ ವಾದ. 1997ರಲ್ಲಿ ರಾಜಿಯಾಯಿತು.

ಅಂದಹಾಗೆ, ನಾನು ಉಳಿಸಿದ ದುಡ್ಡಿಗೆ ಗಾಡಿಯ ಆಯಿಲ್ ಬದಲಾಯಿಸಿದೆ. ತಿಂಗಳಿಂದ ಮುಂದೂಡುತ್ತಿದ್ದ ಕೆಲಸ ಅದು :)